ಬೇರೆ ಒಲೆ

ಸುಪ್ರಿಯಾ ಹಳೆಯ ಬನಿಯನ್ನಿನ ತುಂಡನ್ನು ಮಸಿಯಲ್ಲಿ ಅದ್ದಿ ಹೊಸ ಒಲೆಯ ಬಾಯಿಗೆ ಒರೆಸುತ್ತಿದ್ದಳು. ಪಕ್ಕದಲ್ಲಿ ದೊಡ್ಡಮ್ಮ ಕುಕ್ಕರಗಾಲಿನಲ್ಲಿ ಕೂತು, ಬಚ್ಚಲ ಹಂಡೆಯ ತಳದಿಂದ ಕೆರೆದು ತಂದ ಮಸಿಯನ್ನು ತೆಂಗಿನ ಚಿಪ್ಪಿನಲ್ಲಿ ಕಲಸುತ್ತಿದ್ದಳು. ಅಪ್ಪ ಒಲೆಯ ಹಿಂದಿನ ಗೋಡೆಗೆ ಬ್ರಷ್ ಆಡಿಸುತ್ತಿದ್ದ.

ಒಲೆ ಹಾಕಿ ಇನ್ನೂ ನಾಲ್ಕು ದಿನ ಆಗಿರಲಿಲ್ಲ. ಅದರ ಮೇಲೆ ಒಂದು ಲೋಟ ನೀರೂ ಕಾದಿರಲಿಲ್ಲ. ಆದರೆ ನೋಡಿದವರಿಗೆ ಅದು ವರ್ಷಗಟ್ಟಲೆ ಉರಿದ ಒಲೆಯ ಹಾಗೆ ಕಾಣಬೇಕಿತ್ತು.

ಅಪ್ಪ ಎರಡು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ಗೋಡೆ ನೋಡಿದ. ಕಾರ್ಗಲ್‌ನ ಅರ್ಧ ಮನೆಗಳಿಗೆ ಪೇಂಟ್ ಹೊಡೆದವನು ಅವನು. ಹಳೆಯ ಗೋಡೆಯನ್ನು ಹೊಸದು ಮಾಡುವುದೇ ಅವನ ಕೆಲಸ. ಹೊಸ ಗೋಡೆಯನ್ನು ಹಳೆಯದು ಮಾಡಿದ್ದು ಇದೇ ಮೊದಲು.

ಶ್ಯಾಮ ಬಂದು ಬಾಗಿಲಲ್ಲಿ ನಿಂತ. ಅವನು ದೊಡ್ಡಮ್ಮನ ಮಗ, ಎಂಟನೇ ಕ್ಲಾಸು. ಆಗಷ್ಟೇ ಸ್ಕೂಲಿನಿಂದ ಬಂದಿದ್ದ.

"ಮೇಕಪ್ ಮುಗೀತಾ?" ಎಂದ. "ಭದ್ರಾವತಿ ಆಕಾಶವಾಣಿ ಸುಮ್ನೆ ಇದ್ದಿದ್ರೆ ಇದೆಲ್ಲ ಬೇಕಿತ್ತಾ?"

ಸುಪ್ರಿಯಾಳ ಕೈ ನಿಂತಿತು. ಆಕಾಶವಾಣಿ ಎಂದರೆ ಅವಳೇ. ಹತ್ತು ದಿನದಿಂದ ಶ್ಯಾಮ ಅವಳನ್ನು ಹಾಗೇ ಕರೆಯುತ್ತಿದ್ದ. ಅವಳು ಮಸಿಬಟ್ಟೆಯನ್ನು ಮುದ್ದೆ ಮಾಡಿ ಬೀಸಿ ಎಸೆದಳು. ಅದು ಅವನ ಬಿಳಿ ಶರ್ಟಿನ ಜೇಬಿಗೇ ಹೋಗಿ ಬಡಿಯಿತು.

"ಅಮ್ಮಾ! ನೋಡೇ ಇವಳನ್ನ!"

"ಸರಿಯಾಗೇ ಮಾಡಿದಾಳೆ," ಎಂದಳು ದೊಡ್ಡಮ್ಮ, ತಲೆ ಎತ್ತದೆ. "ಇನ್ನೂ ಉಳಿದಿದೆ, ಬಾ ಇಲ್ಲಿ, ಮುಖಕ್ಕೂ ಹಚ್ತೀನಿ."

ಶ್ಯಾಮ ಅಲ್ಲಿಂದ ಕಾಲ್ಕಿತ್ತ.

ಇದೆಲ್ಲ ಶುರುವಾದದ್ದು ಅಮ್ಮನ ಉಸಿರಿನಿಂದ.

ಅಮ್ಮ ಹೇಮಾವತಿಗೆ ಹಾರ್ಟಿನ ಒಂದು ವಾಲ್ವ್ ಸರಿಯಾಗಿ ಮುಚ್ಚುತ್ತಿರಲಿಲ್ಲ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಹೊಗೆ ತಾಗಿತೋ, ಕೆಮ್ಮು ಹತ್ತಿ ತುಟಿ ನೀಲಿಯಾಗಿಬಿಡುತ್ತಿತ್ತು. "ಇನ್ನು ಒಲೆ ಮುಂದೆ ಕೂರಬೇಡಿ," ಎಂದು ಡಾಕ್ಟರು ಹೇಳಿದ ದಿನವೇ ದೊಡ್ಡಮ್ಮ ಮುಂದಿನ ಮನೆಯಿಂದ ಹಾರೆ ಹಿಡಿದು ಬಂದಿದ್ದಳು. ಅಮ್ಮನ ಹಳೆಯ ಒಲೆಯನ್ನು ಕಿತ್ತು ಹಿತ್ತಲಿಗೆ ಎಸೆದಿದ್ದಳು.

"ಎಂತ ಅಕ್ಕ ಇದು! ನಾಳೆ ಅಡುಗೆ ಎಲ್ಲಿ ಮಾಡ್ಲಿ?" ಎಂದಿದ್ದಳು ಅಮ್ಮ.

"ನಿಂಗ್ಯಾಕೆ ಅಡುಗೆ? ನಾನು ಅನ್ನಕ್ಕೆ ದೊಡ್ಡ ಪಾತ್ರೆ ಇಟ್ರಾಯ್ತು. ಸುಮ್ನೆ ಕೂತ್ಕೋ ಮಾರಾಯ್ತಿ."

ಅಪ್ಪ ಮಸಿ ಹಿಡಿದ ಹೆಂಚುಗಳನ್ನು ಇಳಿಸಿ ಬೇರೆ ಹೆಂಚು ಹೊದಿಸಿದ. ಗೋಡೆಗೆ ಬಿಳಿ ಬಣ್ಣ ಹೊಡೆದ. ಅಮ್ಮನ ಮಂಚ ಅಲ್ಲಿಗೆ ಬಂತು. ಅವತ್ತಿನಿಂದ ಮೂರು ಹೊತ್ತೂ ಊಟ ದೊಡ್ಡಮ್ಮನ ಮನೆಯಲ್ಲೇ. ದೊಡ್ಡಮ್ಮನದು ಗ್ಯಾಸ್ ಒಲೆ. ನಾವೂ ಒಂದು ಗ್ಯಾಸ್ ತಗೊಳ್ಳೋಣ ಎಂದು ಅಪ್ಪ ವಿಚಾರಿಸಿದ್ದ. ಬಡವರಿಗೆ ಕೊಡುವ ಗ್ಯಾಸ್ ಬೇಕಾದರೆ ರೇಷನ್ ಕಾರ್ಡ್ ತನ್ನಿ ಎಂದಿದ್ದರು.

ಆಸ್ಪತ್ರೆಯಲ್ಲೂ ಅದನ್ನೇ ಕೇಳಿದರು. ಶಿವಮೊಗ್ಗದ ದೊಡ್ಡ ಆಸ್ಪತ್ರೆಯ ಕೌಂಟರಿನಲ್ಲಿ ಕೂತಿದ್ದ ಅಕ್ಕ ಕಂಪ್ಯೂಟರ್ ನೋಡುತ್ತಲೇ ಹೇಳಿದಳು: "ಬಿಪಿಎಲ್ ಕಾರ್ಡ್ ಇದ್ರೆ ಆಪರೇಷನ್ ಪೂರ್ತಿ ಸರ್ಕಾರದ್ದು. ಎಪಿಎಲ್ ಆದ್ರೆ ಸರ್ಕಾರ ಕೊಡೋದು ಸ್ವಲ್ಪವೇ, ಜಾಸ್ತಿ ನೀವೇ ಹಾಕ್ಬೇಕು. ನಿಮ್ದು ಯಾವುದು?"

ಅವರ ಹತ್ತಿರ ಯಾವುದೂ ಇರಲಿಲ್ಲ. ಹಳೆಯ ಕಾರ್ಡು ಅಜ್ಜನ ಹೆಸರಿನಲ್ಲಿತ್ತು. ಅದರಲ್ಲಿ ದೊಡ್ಡಪ್ಪ ಮಾರಪ್ಪನ ಹೆಸರೂ ಇತ್ತು. ದೊಡ್ಡಪ್ಪನಿಗೆ ಸರ್ಕಾರಿ ನೌಕರಿ ಇದೆ ಎಂದು ಕಳೆದ ವರ್ಷ ಅದನ್ನು ರದ್ದು ಮಾಡಿದ್ದರು.

ಅಪ್ಪ ತಮ್ಮ ಮೂವರ ಹೆಸರಿನಲ್ಲಿ ಬೇರೆ ಕಾರ್ಡಿಗೆ ಅರ್ಜಿ ಹಾಕಿದ. ಆಪರೇಷನ್ನಿಗೆ ಮುಂದಿನ ತಿಂಗಳ ತಾರೀಖು ಕೊಟ್ಟಿದ್ದರು. ಅಷ್ಟರೊಳಗೆ ಕಾರ್ಡು ಬರಬೇಕಿತ್ತು.

ಅರ್ಜಿ ನೋಡಲು ಇನ್‌ಸ್ಪೆಕ್ಟರ್ ಬಂದಾಗ ಅಪ್ಪ ಕೆಲಸಕ್ಕೆ ಹೋಗಿದ್ದ, ಅಮ್ಮ ನಿದ್ದೆ ಮಾಡುತ್ತಿದ್ದಳು. ಸುಪ್ರಿಯಾ ಮೆಟ್ಟಿಲ ಮೇಲೆ ಹೋಂವರ್ಕ್ ಮಾಡುತ್ತಿದ್ದಳು. ಸ್ಕೂಟರ್ ನಿಲ್ಲಿಸಿದವರ ಕೊರಳಿನಲ್ಲಿ ಐಡಿ ಕಾರ್ಡಿತ್ತು. ರವಿಶಂಕರ ಎಂದು ಬರೆದಿದ್ದನ್ನು ಅವಳು ಓದಿಕೊಂಡಳು.

"ಪುಟ್ಟಿ, ನಿಮ್ಮನೇಲಿ ಒಲೆ ಎಲ್ಲಿದೆ?"

"ದೊಡ್ಡಮ್ಮನ ಮನೇಲಿ ಸಾರ್."

"ಊಟ ಎಲ್ಲಿ ಮಾಡ್ತೀರಿ?"

"ಅಲ್ಲೇ. ಎಲ್ಲರೂ ಒಟ್ಟಿಗೆ. ಅಮ್ಮಂಗೆ ಹುಷಾರಿಲ್ಲ ಅಲ್ವಾ ಸಾರ್, ಹೊಗೆ ಆಗಲ್ಲ. ಅದಕ್ಕೆ ದೊಡ್ಡಮ್ಮ ನಮ್ಮ ಒಲೆ ಕಿತ್ತು ಹಾಕಿದ್ರು."

ಅವಳು ಹೇಳುತ್ತಲೇ ಇದ್ದಳು. ಅವರ ಪೆನ್ನು ಮಾತ್ರ ನಿಂತುಹೋಗಿತ್ತು. "ವೆರಿ ಗುಡ್. ಚೆನ್ನಾಗಿ ಓದು," ಎಂದು ಹೇಳಿ, ಒಳಗೂ ಬರದೆ ಹೋದರು. ಸುಪ್ರಿಯಾ ಅವತ್ತು ಸಂಜೆಯವರೆಗೂ ಖುಷಿಯಾಗಿದ್ದಳು. ದೊಡ್ಡವರ ಕೆಲಸವೊಂದನ್ನು ತಾನೇ ಮಾಡಿ ಮುಗಿಸಿದ ಹಾಗೆ ಅನಿಸಿತ್ತು.

ಹತ್ತು ದಿನದ ಹಿಂದೆ ಕಾಗದ ಬಂತು. ಅಪ್ಪ ಅದನ್ನು ಅವಳ ಕೈಗೆ ಕೊಟ್ಟು, "ಜೋರಾಗಿ ಓದು ಮಗಾ," ಎಂದ. ದೊಡ್ಡಪ್ಪ, ದೊಡ್ಡಮ್ಮ, ಶ್ಯಾಮ ಎಲ್ಲರೂ ಸುತ್ತ ಕೂತಿದ್ದರು.

"ಸ್ಥಳ ಪರಿಶೀಲಿಸಲಾಗಿ, ಅರ್ಜಿದಾರರಿಗೆ ಪ್ರತ್ಯೇಕ ಒಲೆ ಇರುವುದಿಲ್ಲವೆಂದೂ, ಅಣ್ಣನ ಕುಟುಂಬದೊಂದಿಗೆ ಒಟ್ಟಾಗಿ ಊಟ ಮಾಡುತ್ತಿರುವುದಾಗಿಯೂ ಮನೆಯ ಮಗುವೇ ತಿಳಿಸಿರುತ್ತದೆ. ಆದ್ದರಿಂದ ಅರ್ಜಿಯನ್ನು ತಿ... ತಿರಸ್... ತಿರಸ್ಕರಿಸಲಾಗಿದೆ."

"ಹಾಗಂದ್ರೆ?" ಎಂದಳು ಅಮ್ಮ.

"ಕೊಡಲ್ಲ ಅಂತ," ಎಂದ ದೊಡ್ಡಪ್ಪ.

"ತಿಳಿಸಿರುತ್ತದೆ ಅಂತೆ!" ಎಂದು ಶ್ಯಾಮ ನಕ್ಕ. "ಸುಪ್ಪಿ, ನೀನು ಬೆಕ್ಕಾ? 'ತಿಳಿಸಿದ್ದಾಳೆ' ಅಂತಾನೂ ಬರ್ದಿಲ್ಲ."

ಬೇರೆ ಯಾರೂ ನಗಲಿಲ್ಲ. ಯಾರೂ ಬೈಯಲೂ ಇಲ್ಲ. ಬೈದಿದ್ದರೆ ವಾಸಿಯಿತ್ತು. ಅಪ್ಪ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಶರ್ಟಿನ ಜೇಬಿಗೆ ಹಾಕಿಕೊಂಡು ಹೊರಗೆ ಹೋದ.

ದೊಡ್ಡಮ್ಮನಿಗೆ ಮಾತ್ರ ಸಿಟ್ಟು ನೆತ್ತಿಗೇರಿತ್ತು. "ಹಸಿದೋರಿಗೆ ಅನ್ನ ಹಾಕಿದ್ದೇ ತಪ್ಪಾ? ಇದೆಂತ ರೂಲ್ಸು? ನಿಮ್ಮ ಆಫೀಸಿನ ಆಸ್ಪತ್ರೆ ಕಾರ್ಡ್ ಇದೆಯಲ್ರೀ, ಅದರಲ್ಲಿ ಹೇಮಾನ ಸೇರಿಸಿ ಮತ್ತೆ!"

"ಅದನ್ನೂ ಕೇಳಿದೆ ಪುಷ್ಪಾ," ಎಂದ ದೊಡ್ಡಪ್ಪ. "ಹೆಂಡತಿ, ಮಕ್ಕಳು, ಅಪ್ಪ, ಅಮ್ಮ. ಅಷ್ಟೇ ಕುಟುಂಬ ಅಂತೆ. ತಮ್ಮನ ಹೆಂಡತಿ ಕುಟುಂಬಕ್ಕೆ ಬರಲ್ಲ."

ಸುಪ್ರಿಯಾ ಕಾಗದ ಓದಿದ ಜಾಗದಲ್ಲೇ ನಿಂತಿದ್ದಳು. "ಆ ಆಫೀಸಿನೋರು ನಾವು ನಿಮ್ಮ ಮನೆಯವರಲ್ಲ ಅಂತಾರೆ. ಈ ಆಫೀಸಿನೋರು ನಿಮ್ಮ ಮನೆಯವರೇ ಅಂತಾರೆ. ಎರಡೂ ಸರ್ಕಾರದ್ದೇ ಅಲ್ವಾ ದೊಡ್ಡಪ್ಪ?"

ದೊಡ್ಡಪ್ಪ ಕನ್ನಡಕ ತೆಗೆದು ಒರೆಸಿದ. ಮತ್ತೆ ಹಾಕಿಕೊಂಡ.

ಅಪ್ಪನಿಗೆ ಉಪಾಯ ಹೇಳಿದ್ದು ರೇಷನ್ ಅಂಗಡಿಯ ಕನ್ನಪ್ಪ. "ಮಂಜುನಾಥ, ಬೇರೆ ಒಲೆ ಹೂಡು. ಮತ್ತೊಂದು ಅರ್ಜಿ ಕೊಡು. ಒಲೆ ಕಂಡ್ರೆ ಆಯ್ತು ಅವರಿಗೆ. ಉರೀತದೋ ಇಲ್ವೋ ಯಾರು ಕೇಳ್ತಾರೆ? ಅವತ್ತು ಮಗು ಗೊತ್ತಿಲ್ದೆ ಹೇಳಿತು ಅಂದ್ರಾಯ್ತು."

ಅಪ್ಪ ಮತ್ತೊಂದು ಅರ್ಜಿ ಕೊಟ್ಟು ಕೆಮ್ಮಣ್ಣು ತಂದ. ಒಲೆ ಮೆತ್ತುವುದು ಗೊತ್ತಿದ್ದದ್ದು ದೊಡ್ಡಮ್ಮನಿಗೊಬ್ಬಳಿಗೇ. ಕಿತ್ತವಳೇ ಮತ್ತೆ ಕೂತು ಮೆತ್ತಿದಳು. ಮೆತ್ತುವಾಗ ಬಾಯಲ್ಲಿ ಏನೋ ಬೈಯುತ್ತಲೇ ಇದ್ದಳು. ಮೂಲೆಯಲ್ಲಿದ್ದ ಅಮ್ಮನ ಮಂಚ ಬಾಗಿಲ ಹತ್ತಿರಕ್ಕೆ ಸರಿಯಿತು.

ಕಾರ್ಗಲ್‌ನಲ್ಲಿ ಸುದ್ದಿಗೆ ಕಾಲು ಬರಲು ಹೊತ್ತು ಬೇಡ. ಮಾರನೆಯ ದಿನ ನಲ್ಲಿಯ ಹತ್ತಿರ ಪಕ್ಕದ ಮನೆ ಮೂಕಮ್ಮ ಕೊಡ ಕೆಳಗಿಟ್ಟು ಸುಪ್ರಿಯಾಳನ್ನು ಹಿಡಿದು ನಿಲ್ಲಿಸಿದಳು.

"ಹೌದನೇ, ನಿಮ್ಮದು ಒಲೆ ಬೇರೆ ಆಯ್ತಂತೆ? ಪುಷ್ಪಮ್ಮಂಗೂ ನಿನ್ನ ಅಮ್ಮಂಗೂ ಎಂತಕ್ಕೆ ಜಗಳ?"

"ಜಗಳ ಎಂತದೂ ಇಲ್ಲ."

"ಜಗಳ ಇಲ್ದೆ ಯಾರಾದ್ರೂ ಬೇರೆ ಒಲೆ ಹೂಡ್ತಾರನೇ? ಹೇಳು, ನಾ ಯಾರಿಗೂ ಹೇಳಲ್ಲ."

ಸುಪ್ರಿಯಾಗೆ ಹೇಳುವುದು ಬೇಕಾದಷ್ಟಿತ್ತು. ಆದರೆ ಹೇಳಿದ್ದರಿಂದಲೇ ಇಷ್ಟೆಲ್ಲ ಆಗಿತ್ತು. ಅವಳು ಅರ್ಧ ತುಂಬಿದ ಕೊಡವನ್ನೇ ಎತ್ತಿಕೊಂಡು, ಕಾಲಿಗೆಲ್ಲ ನೀರು ಚೆಲ್ಲಿಸಿಕೊಳ್ಳುತ್ತ ಮನೆಗೆ ಬಂದಳು.

ಶನಿವಾರ ಮಧ್ಯಾಹ್ನ ಇನ್‌ಸ್ಪೆಕ್ಟರ್ ಮತ್ತೆ ಬಂದರು. ಅದೇ ಸ್ಕೂಟರ್, ಅದೇ ರವಿಶಂಕರ ಸಾರ್. ಬಿಸಿಲಿಗೆ ಅವರ ಶರ್ಟು ಬೆನ್ನಿಗೆ ಅಂಟಿತ್ತು.

ಅವರು ಬರುವ ಮೊದಲೇ ಅಪ್ಪ ಸುಪ್ರಿಯಾಳನ್ನು ಪಕ್ಕಕ್ಕೆ ಕರೆದು, "ಸಾರ್ ಏನು ಕೇಳಿದ್ರೂ ನೀನು ಮಾತಾಡ್ಬೇಡ ಮಗಾ," ಎಂದಿದ್ದ. ಅವನ ದನಿ ಮೆತ್ತಗಿತ್ತು. ಸ್ಕೂಲಿನಲ್ಲಿ ಸೌಜನ್ಯಾ ಮಿಸ್, 'ಕೇಳಿದವರಿಗೆ ನಿಜ ಹೇಳಬೇಕು' ಎಂದಿದ್ದು ನೆನಪಾಗಿ ಸುಪ್ರಿಯಾಗೆ ಮಿಸ್ ಮೇಲೂ ಸಿಟ್ಟು ಬಂತು. ಕೇಳಿದವರು ಅದನ್ನು ತಗೊಂಡು ಏನು ಮಾಡುತ್ತಾರೆ ಅಂತ ಮಿಸ್ ಹೇಳಿಕೊಟ್ಟಿರಲಿಲ್ಲ.

"ಬನ್ನಿ ಸಾರ್, ಬನ್ನಿ," ಎಂದು ದೊಡ್ಡಮ್ಮ ತಾನೇ ಮುಂದೆ ನಿಂತು ಕರೆದಳು. "ಇದೇ ನೋಡಿ ಇವರ ಒಲೆ. ದಿನಾ ಇಲ್ಲೇ ಅಡುಗೆ."

ಇನ್‌ಸ್ಪೆಕ್ಟರ್ ಒಲೆಯ ಮುಂದೆ ಬಗ್ಗಿದರು.

"ಇವತ್ತು ಏನು ಮಾಡಿದ್ರಿ ಅಡುಗೆ?"

"ಹುರುಳಿ ಸಾರು," ಎಂದಳು ದೊಡ್ಡಮ್ಮ.

"ತಿಳಿಸಾರು," ಎಂದಳು ಅಮ್ಮ, ಅದೇ ಕ್ಷಣಕ್ಕೆ.

"ಎರಡೂ ಸಾರ್!" ಎಂದ ಅಪ್ಪ.

ಹೊರಗೆ ಕಿಟಕಿಯ ಹತ್ತಿರ ನಿಂತಿದ್ದ ಶ್ಯಾಮ ಕಿಸಕ್ಕೆಂದ. ಇನ್‌ಸ್ಪೆಕ್ಟರ್ ನಗಲಿಲ್ಲ. ಅವರು ಗೋಡೆ ನೋಡಿದರು. ಆಮೇಲೆ ನಿಧಾನವಾಗಿ ತಲೆ ಎತ್ತಿ ಮೇಲೆ ನೋಡಿದರು.

ಎಲ್ಲರೂ ಮೇಲೆ ನೋಡಿದರು. ಒಲೆಯ ನೇರಕ್ಕೆ ಮೇಲೆ ಹೆಂಚುಗಳು ಕೆಂಪಗೆ, ನಿನ್ನೆ ಮೊನ್ನೆ ಹೊದಿಸಿದ ಹಾಗೆ ಇದ್ದವು. ಒಂದು ಎಳೆ ಮಸಿ ಇರಲಿಲ್ಲ.

"ನಂದೂ ಹೊಸನಗರದ ಕಡೆ ಹಳ್ಳಿನೇ," ಎಂದರು ಅವರು. "ನಮ್ಮಜ್ಜಿ ಒಲೆ ಮೇಲಿನ ಹೆಂಚು ಇದ್ದಿಲಿನ ಹಾಗಿತ್ತು. ಕೆಳಗೆ ಇಷ್ಟು ಕಪ್ಪು, ಮೇಲೆ ಇಷ್ಟು ಕೆಂಪು! ನಿಮ್ಮ ಹೊಗೆ ಮೇಲಕ್ಕೆ ಹೋಗಲ್ವಾ?"

ಅಪ್ಪನ ಮುಖ ಇಳಿಯಿತು. ಗೋಡೆಯನ್ನು ಅಷ್ಟು ಚೆನ್ನಾಗಿ ಹಳೆಯದು ಮಾಡಿದವನು ಸೂರನ್ನು ಮರೆತಿದ್ದ.

"ಇಲ್ಲ ಸಾರ್, ಉರಿಯತ್ತೆ," ಎಂದ. "ಹೊತ್ತಿಸಿ ತೋರಿಸ್ತೀನಿ."

"ಬೇಡ ಬಿಡಿ."

"ಇಲ್ಲ ಸಾರ್, ನೋಡೇಬಿಡಿ!"

ಅಪ್ಪ ಗಡಿಬಿಡಿಯಲ್ಲಿ ಸೌದೆ ತುರುಕಿದ, ಸೀಮೆಎಣ್ಣೆ ಬಟ್ಟೆ ಇಟ್ಟ, ಕಡ್ಡಿ ಗೀರಿದ. ಒಲೆಯ ಮಣ್ಣು ಒಳಗೆ ಇನ್ನೂ ಹಸಿಯಿತ್ತು. ಉರಿಗಿಂತ ಮೊದಲು ಹೊಗೆ ಎದ್ದಿತು. ದಪ್ಪ, ಬಿಳಿ ಹೊಗೆ. ಅದು ಗೋಡೆಗೆ ಬಡಿದು ತಿರುಗಿ ಬಾಗಿಲ ಕಡೆಗೇ ಬಂತು. ಬಾಗಿಲ ಹತ್ತಿರ ಅಮ್ಮ ಇದ್ದಳು.

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಒಂದು ಸಲ ಕೆಮ್ಮಿದಳು. ಎರಡು ಸಲ. ಕೆಮ್ಮಬಾರದು ಎಂದು ತಡೆದಳು. ತಡೆದಷ್ಟೂ ಹೆಗಲು ನಡುಗಿತು. ಆಮೇಲೆ ಕೆಮ್ಮು ಒಮ್ಮೆಲೇ ಬಂತು. ನಿಲ್ಲಲಿಲ್ಲ. ಮಂಚದ ಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡಳು. ತುಟಿ ನೀಲಿಯಾಗತೊಡಗಿತು.

ಅಪ್ಪ ಊದುಗೊಳವೆಯಿಂದ ಊದುತ್ತಲೇ ಇದ್ದ. "ಈಗ ಹತ್ತತ್ತೆ ಸಾರ್, ಈಗ ಹತ್ತತ್ತೆ."

ಸುಪ್ರಿಯಾ ಬಿಂದಿಗೆ ಎತ್ತಿದ್ದು ಯಾರಿಗೂ ಕಾಣಲಿಲ್ಲ. ಅಷ್ಟೂ ನೀರನ್ನು ಅವಳು ಒಲೆಗೆ ಸುರಿದಳು.

ಚೊಂಯ್ ಎಂದು ಬೂದಿ, ಹಬೆ, ಕೆಸರು ಎಲ್ಲ ಎದ್ದವು. ಒಲೆಯ ಮೇಲೆ ಪಾತ್ರೆ ಕೂರುವ ಒಂದು ಕೊಂಬು ಕಳಚಿ ಅಪ್ಪನ ಕಾಲ ಬಳಿ ಬಿತ್ತು.

"ಏಯ್ ಸುಪ್ಪಿ!" ಎಂದ ಅಪ್ಪ.

"ಸುಳ್ಳು ಒಲೆ ಇದು!" ಅವಳು ಕಿರುಚಿದಳು. "ನಾವೇ ಮಸಿ ಬಳಿದಿದ್ದು! ನಾನೂ ಬಳಿದಿದೀನಿ! ಅಪ್ಪ, ಅಮ್ಮ ಸಾಯ್ತಾ ಇದಾಳೆ, ಕಾಣಲ್ವಾ ನಿಂಗೆ?"

ದೊಡ್ಡಮ್ಮ ಆಗಲೇ ಅಮ್ಮನನ್ನು ತಬ್ಬಿ ಹಿಡಿದು ಹೊರಗೆ ಗಾಳಿಗೆ ಕರೆದುಕೊಂಡು ಹೋಗಿದ್ದಳು. ಇನ್‌ಸ್ಪೆಕ್ಟರೂ ಮೂಗಿಗೆ ಕರವಸ್ತ್ರ ಹಿಡಿದು ಹೊರಗೆ ಬಂದರು. ಸುಪ್ರಿಯಾ ಅವರ ಹಿಂದೆಯೇ ಬಂದಳು. ಅವಳ ಫ್ರಾಕಿನಿಂದ ಕಪ್ಪು ನೀರು ತೊಟ್ಟಿಕ್ಕುತ್ತಿತ್ತು.

"ನೀವು ಅವತ್ತು ನಾ ಹೇಳಿದ್ದರಲ್ಲಿ ಅರ್ಧ ಮಾತ್ರ ಬರ್ಕೊಂಡ್ರಿ," ಎಂದಳು.

"ಸುಪ್ರಿಯಾ, ಸುಮ್ನಿರು," ಎಂದ ಅಪ್ಪ ಬಾಗಿಲಿಂದ.

"ಸುಮ್ನಿರಲ್ಲ! ಅಮ್ಮಂಗೆ ಹೊಗೆ ಆಗಲ್ಲ ಅಂತ ಹೇಳಿದ್ದೆ. ಅದಕ್ಕೇ ದೊಡ್ಡಮ್ಮ ಊಟ ಕೊಡ್ತಾರೆ ಅಂತ ಹೇಳಿದ್ದೆ. ಅದನ್ನ ಯಾಕೆ ಬರೀಲಿಲ್ಲ? ಒಲೆ ಇಲ್ಲ ಅನ್ನೋದು ಮಾತ್ರ ಬರೆದ್ರಿ. ಆಮೇಲೆ ನನ್ನ ಹೆಸರೂ ಹಾಕ್ಲಿಲ್ಲ. 'ಮಗು ತಿಳಿಸಿರುತ್ತದೆ' ಅಂತ ಹಾಕಿದ್ರಿ."

ಇನ್‌ಸ್ಪೆಕ್ಟರ್ ಮೆಟ್ಟಿಲ ಮೇಲೆ ಕೂತರು. ಹೊಗೆಗೆ ಅವರ ಕಣ್ಣುಗಳೂ ಕೆಂಪಾಗಿದ್ದವು. ಫೈಲಿನಿಂದ ಒಂದು ಹಾಳೆ ತೆಗೆದು ತೊಡೆಯ ಮೇಲಿಟ್ಟು ಅವಳ ಕಡೆ ತಿರುಗಿಸಿದರು.

"ನೋಡು ಪುಟ್ಟಿ. ಇದು ನಾನು ಮಾಡಿದ ಫಾರಂ ಅಲ್ಲ. 'ಪ್ರತ್ಯೇಕ ಒಲೆ' ಅಂತ ಇದೆ. ಮುಂದೆ ಎರಡು ಬಾಕ್ಸ್. ಇದೆ. ಇಲ್ಲ. ಒಂದಕ್ಕೆ ಟಿಕ್ ಹಾಕ್ಬೇಕು. ಮೂರನೇ ಬಾಕ್ಸ್ ಎಲ್ಲಿದೆ ಹೇಳು?"

"ಹಾಗಾದ್ರೆ ಹುಷಾರಿಲ್ದೋರು ಏನು ಮಾಡ್ಬೇಕು?" ಎಂದು ದೊಡ್ಡಮ್ಮ ಅಲ್ಲಿಂದಲೇ ಕೇಳಿದಳು. ಅವಳ ತೋಳಿನಲ್ಲಿ ಅಮ್ಮ ಒರಗಿದ್ದಳು. "ಕಾರ್ಡು ಸಿಗೋ ತನಕ ಹೊಗೆ ಕುಡೀತಾ ಬದುಕಿರ್ಬೇಕಾ? ನಾನು ಇವಳಿಗೆ ಅನ್ನ ಹಾಕೋದು ನಿಲ್ಸಿದ್ರೆ ಆಗ ಬಡವಳಾಗ್ತಾಳಾ ಇವಳು?"

"ನನ್ನನ್ನ ಬೈದು ಏನು ಪ್ರಯೋಜನ ಅಮ್ಮಾ. ಮೇಲಿನೋರು ಕೇಳಿದ್ದಕ್ಕೆ ನಾನು ಉತ್ತರ ಬರೀಬೇಕು, ಅಷ್ಟೇ."

"ಮೇಲಿನೋರು ಇಲ್ಲಿಗೆ ಬರ್ತಾರಾ?" ಎಂದಳು ಸುಪ್ರಿಯಾ.

"ಇಲ್ಲ. ಅವರು ಹಾಳೆ ಮಾತ್ರ ನೋಡ್ತಾರೆ."

ಅಮ್ಮ ಮತ್ತೆ ಕೆಮ್ಮಿದಳು. ಈಗ ಸಣ್ಣ ಕೆಮ್ಮು. ಸುಪ್ರಿಯಾ ಆ ಕೆಮ್ಮು ಮುಗಿಯುವವರೆಗೂ ಕೇಳಿಸಿಕೊಂಡಳು. ಆಮೇಲೆ ಹಾಳೆಯನ್ನು ನೋಡಿದಳು. ಅದನ್ನು ನೋಡುವವರಿಗೆ ಈ ಕೆಮ್ಮು ಕೇಳಿಸುವುದಿಲ್ಲ. ತಾನು ಇಲ್ಲಿ ನಿಂತು ಕಿರುಚಿದ್ದೂ ಕೇಳಿಸುವುದಿಲ್ಲ. ಒಲೆ ಮೆತ್ತುವಾಗ ದೊಡ್ಡಮ್ಮ ಬೈದದ್ದು, ಅಪ್ಪ ಗಡಿಬಿಡಿಯಲ್ಲಿ ಕಡ್ಡಿ ಗೀರಿದ್ದು, ಯಾವುದೂ ಅಲ್ಲಿಗೆ ಹೋಗುವುದಿಲ್ಲ. ಇಲ್ಲಿಂದ ಹೋಗುವುದು ಈ ಒಂದು ಹಾಳೆ. ಅದರಲ್ಲಿ ಇದ್ದದ್ದಷ್ಟೇ ಅವರಿಗೆ ಗೊತ್ತು.

ಅವಳ ದನಿ ತಾನಾಗಿಯೇ ಇಳಿಯಿತು.

"ಇಲ್ಲ ಅಂತಾನೇ ಟಿಕ್ ಹಾಕಿ ಸಾರ್. ನಿಜಕ್ಕೂ ಇಲ್ಲ."

ಅಪ್ಪ ಏನೋ ಹೇಳಲು ಬಾಯಿ ತೆರೆದ. ದೊಡ್ಡಮ್ಮ ಕಣ್ಸನ್ನೆಯಲ್ಲೇ ಅವನನ್ನು ತಡೆದಳು.

ಇನ್‌ಸ್ಪೆಕ್ಟರ್ ಟಿಕ್ ಹಾಕಿದರು. ಪೆನ್ನು ಹಾಳೆಯ ಮೇಲೆಯೇ ಇತ್ತು. ಆ ಬಾಕ್ಸಿನ ಪಕ್ಕದಲ್ಲಿ, ಗೆರೆಯಿಂದ ಆಚೆ, ಎರಡು ಬೆರಳಿನಷ್ಟು ಖಾಲಿ ಜಾಗವಿತ್ತು. ಸುಪ್ರಿಯಾ ಅಲ್ಲಿ ಬೆರಳಿಟ್ಟು ತೋರಿಸಿದಳು.

"ಇಲ್ಲಿ ಜಾಗ ಇದೆ ಸಾರ್. ಯಾಕೆ ಇಲ್ಲ ಅನ್ನೋದನ್ನೂ ಬರೀರಿ."

ಅವರು ಅಪ್ಪನ ಕಡೆ ನೋಡಿದರು. ಅಪ್ಪ ನೆಲ ನೋಡುತ್ತಿದ್ದ. ದೊಡ್ಡಮ್ಮ ಅಮ್ಮನ ಬೆನ್ನು ನೀವುತ್ತಿದ್ದಳು.

"ಬರೀರಿ ಸಾರ್," ಎಂದಳು ಸುಪ್ರಿಯಾ.